ಹೊಳೆದಂಡೆಯ ಹನ್ನೊಂದು ಕಲ್ಲು, ಒಬ್ಬರೇ ಗುಡ್ಡಮ್ಮ

ಬೆಳಿಗ್ಗೆ ಐದೂ ಮುಕ್ಕಾಲು. ಸೊರಬದ ದಂಡಾವತಿ ಹೊಳೆಯ ದಂಡೆಯಲ್ಲಿ ಗುಡ್ಡಮ್ಮ ಕಲ್ಲು ತೊಳೆಯುತ್ತಿದ್ದಾರೆ.

ಬಕೆಟ್‌ನಲ್ಲಿ ಅಂಟುವಾಳದ ನೀರು, ಕೈಯಲ್ಲಿ ತೆಂಗಿನ ನಾರು. ಎದುರಿಗಿರುವುದು ನಾಲ್ಕೂವರೆ ಅಡಿ ಎತ್ತರದ ವೀರಗಲ್ಲು. ಹಿಂದಿನ ದಿನ, ಭಾನುವಾರ, ಅಮಾವಾಸ್ಯೆಯಿತ್ತು. ಊರವರು ಎಣ್ಣೆ ಸುರಿದು, ಅರಿಸಿನ ಮೆತ್ತಿ, ಅದರ ಮೇಲೆ ಕುಂಕುಮ ಒತ್ತಿ ಹೋಗಿದ್ದಾರೆ. ಎಣ್ಣೆಗೆ ರಸ್ತೆಯ ದೂಳು ಕೂತು, ಕೆತ್ತನೆಯ ದನಗಳೂ ಕಾಣುತ್ತಿಲ್ಲ, ಅವುಗಳ ಮುಂದೆ ಕತ್ತಿ ಹಿಡಿದು ನಿಂತವನೂ ಕಾಣುತ್ತಿಲ್ಲ.

‘ಎಣ್ಣೆ ಹಾಕಾಕೆ ಊರೇ ಬರ್ತೈತಿ. ಸ್ನಾನ ಮಾಡ್ಸಾಕೆ ಯಾರದಾರ್ರೀ?’ ಎನ್ನುತ್ತಾರೆ ಅವರು, ಉಜ್ಜುವುದನ್ನು ನಿಲ್ಲಿಸದೆ. ‘ನಾನು ತೊಳದ್ರೆ, ದೇವ್ರ ಮೈ ಉಜ್ತೀಯಾ ಅಂತ ಬೈತಾರೆ. ಉಜ್ಜಬ್ಯಾಡ್ದೇನು? ಅವ್ರ ಮನ್ಯಾಗೆ ಯಾರೂ ಮೈ ಉಜ್ಕಳಲ್ವಾ?’

ಗುಡ್ಡಮ್ಮನಿಗೆ ಐವತ್ತಾರು ವರ್ಷ. ಹುಟ್ಟಿದ್ದು ಶಿಕಾರಿಪುರ ತಾಲ್ಲೂಕಿನ ಅಂಜನಾಪುರದ ಹತ್ತಿರ, ಸೊರಬಕ್ಕೆ ಮದುವೆಯಾಗಿ ಬಂದು ಮೂವತ್ತನಾಲ್ಕು ವರ್ಷ. ಮಾತು ಮಾತ್ರ ಇನ್ನೂ ತವರಿನದೇ. ಹೊಳೆ ಮೆಟ್ಟಿಲ ಬಳಿ ಸೊಪ್ಪು ಮಾರುವ ಹೆಂಗಸರು ಅವರನ್ನು ‘ಐತಿ ಗುಡ್ಡಮ್ಮ’ ಎಂದೇ ಕರೆಯುತ್ತಾರೆ. ಗಂಡ ಪುಟ್ಟಪ್ಪ ಹಮಾಲಿ ಮಾಡುತ್ತಿದ್ದರು. ಎಂಟು ವರ್ಷದ ಹಿಂದೆ ಮೂಟೆ ಹೊತ್ತು ಬಿದ್ದು ಸೊಂಟ ಹೋಯಿತು. ಅಂದಿನಿಂದ ಗುಡ್ಡಮ್ಮ ಹೊರಗುತ್ತಿಗೆಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಬರುತ್ತಿದ್ದಾರೆ. ಪಟ್ಟಿಯ ಪ್ರಕಾರ ಅವರ ಪಾಲಿಗೆ ಬಂದದ್ದು ಹಳೇ ಸಂತೆಪೇಟೆಯ ಓಣಿ ಮತ್ತು ಹೊಳೆಯ ನಲವತ್ತೆರಡು ಮೆಟ್ಟಿಲು. ದಂಡೆಯ ಮೇಲಿರುವ ಹನ್ನೊಂದು ವೀರಗಲ್ಲುಗಳು ಯಾರ ಪಟ್ಟಿಯಲ್ಲೂ ಇಲ್ಲ.

ಆದರೆ ಫಲಕದಲ್ಲಿವೆ. ಓಣಿಯ ಬಾಯಲ್ಲಿ ನಿಲ್ಲಿಸಿರುವ ‘ಪಟ್ಟಣದ ಪ್ರೇಕ್ಷಣೀಯ ಸ್ಥಳಗಳು’ ಎಂಬ ಹಸಿರು ಫಲಕ ನಾಲ್ಕು ಜಾಗಗಳ ಹೆಸರು ಹೇಳುತ್ತದೆ: ಹೊಳೆಯ ಮೆಟ್ಟಿಲು, ಪುಷ್ಕರಣಿ, ವೀರಗಲ್ಲುಗಳು, ಸೆಲ್ಫಿ ಪಾಯಿಂಟ್. ಫಲಕದ ಬಾಣ ತೋರಿಸುವುದು ಹಿಟ್ಟಿನ ಗಿರಣಿಯನ್ನು. ಬಂದವರು ಮೊದಲು ಗಿರಣಿಗೆ ಹೋಗುತ್ತಾರೆ, ಅಲ್ಲಿ ಬೈಸಿಕೊಂಡು ಇಲ್ಲಿಗೆ ಬರುತ್ತಾರೆ. ಸೋಮವಾರದಿಂದ ಗುರುವಾರದವರೆಗೆ ಬಂದವರು ಅರವತ್ತೊಂದು ಮಂದಿ. ಅವರಲ್ಲಿ ಮೂವತ್ತೆಂಟು ಮಂದಿ ಹೊಳೆಗಿಳಿಯುವ ಮುನ್ನ ವೀರಗಲ್ಲಿನ ಬುಡದಲ್ಲಿ ಚಪ್ಪಲಿ ಬಿಟ್ಟರು. ಒಬ್ಬರು ಕಲ್ಲಿಗೆ ಒರಗಿ ನಿಂತು, ‘ಇಲ್ಲಿ ನೋಡೋಕೆ ಏನಿದೆ ಅಮ್ಮ?’ ಎಂದು ಕೇಳಿದರು.

‘ನಿಮ್ಮ ಬೆನ್ನಿಗೇ ಅಂಟ್ಕಂಡೈತಿ ನೋಡ್ರಿ, ತಿರುಗ್ರಿ’ ಎಂದರು ಗುಡ್ಡಮ್ಮ.

ಹನ್ನೊಂದರಲ್ಲಿ ಒಂದರ ಮೇಲೆ ಮಾತ್ರ ಅಕ್ಷರಗಳಿವೆ. ಐದು ವರ್ಷದ ಹಿಂದೆ ಇತಿಹಾಸ ಉಪನ್ಯಾಸಕಿ ಶ್ರೀಲತಾ ವಿದ್ಯಾರ್ಥಿಗಳನ್ನು ಕರೆತಂದಾಗ ಗುಡ್ಡಮ್ಮ ಆ ಕಲ್ಲನ್ನು ತೊಳೆದಿಟ್ಟಿದ್ದರು. ಹಾಗಾಗಿಯೇ ಓದಲು ಆಯಿತು ಎನ್ನುತ್ತಾರೆ ಶ್ರೀಲತಾ. ‘ಕೆಳಗಿನ ಕೆತ್ತನೆಯ ಮೇಲಿರುವ ಪಟ್ಟಿಯಲ್ಲಿ ಒಂದೇ ಸಾಲು. ಊರ ದನ ಬಿಡಿಸಿ ತಂದು ಸತ್ತವನ ಹೆಸರು ಬಮ್ಮ. ಬೇರೆ ಹತ್ತು ಕಲ್ಲುಗಳ ವೀರರು ಯಾರೋ ನಮಗೆ ಗೊತ್ತಿಲ್ಲ. ಇವನೊಬ್ಬನ ಹೆಸರು ಉಳಿದಿದೆ.’ ಅಕ್ಷರದ ರೀತಿ ನೋಡಿದರೆ ಸುಮಾರು ಎಂಟುನೂರು ವರ್ಷದ್ದಿರಬಹುದು ಎಂಬುದು ಅವರ ಅಂದಾಜು. ಮೂರನೇ ತರಗತಿಗೆ ಶಾಲೆ ಬಿಟ್ಟ ಗುಡ್ಡಮ್ಮ ಅಂದಿನಿಂದ ಅವನನ್ನು ಬಮ್ಮಣ್ಣ ಎನ್ನುತ್ತಾರೆ. ಆ ಹಳೆಯ ಅಕ್ಷರಗಳನ್ನು ಅವರು ಓದಲಾರರು, ಆದರೆ ಹೆಸರು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಬೆರಳಿಟ್ಟು ತೋರಿಸುತ್ತಾರೆ.

ಆ ಹೆಸರು ನೆಲದಿಂದ ಹದಿನೇಳು ಇಂಚು ಮೇಲಿದೆ. ಈಗಿನ ತಕರಾರು ಇದರದ್ದೇ.

ಫಲಕದ ನಾಲ್ಕನೇ ಪ್ರೇಕ್ಷಣೀಯ ಸ್ಥಳವಾದ ಸೆಲ್ಫಿ ಪಾಯಿಂಟ್ ಇನ್ನೂ ಕಟ್ಟಿ ಮುಗಿದಿಲ್ಲ. ದಂಡೆಯನ್ನು ಅಂದಗೊಳಿಸಲು ಸ್ಥಳೀಯರು ಮಾಡಿಕೊಂಡಿರುವ ಸಮಿತಿಯೊಂದು ಅದನ್ನು ಕಟ್ಟಿಸುತ್ತಿದೆ. ಬಮ್ಮನ ಕಲ್ಲಿನ ಪೂರ್ವಕ್ಕೆ ಬಣ್ಣದ ಗೋಡೆ, ಅದರ ಮುಂದೆ ಎರಡಡಿ ಎತ್ತರದ ಕಾಂಕ್ರೀಟ್ ಕಟ್ಟೆ. ಮಂಗಳವಾರ ಕಟ್ಟೆಯ ಮಟ್ಟಕ್ಕೆ ನೀಲಿ ದಾರ ಬಿಗಿದರು. ದಾರ ಬಮ್ಮನ ಹೆಸರಿಗಿಂತ ಏಳು ಇಂಚು ಮೇಲೆ ಹಾದುಹೋಯಿತು. ಕಾಂಕ್ರೀಟ್ ಬಿದ್ದರೆ ಹೆಸರು ಅದರೊಳಗೆ.

‘ಡ್ರಾಯಿಂಗಲ್ಲಿ ಈ ಕಲ್ಲೇ ಇಲ್ಲ ಅಮ್ಮ. ನಾನೆಂತ ಮಾಡ್ಲಿ?’ ಎಂದರು ಕಾಮಗಾರಿಯ ಮೇಲ್ವಿಚಾರಕ ಹೇಮಂತ್.

‘ಡ್ರಾಯಿಂಗ್‌ನಾಗೆ ನೀನೂ ಇಲ್ಲ ತಮ್ಮಾ. ಹಂಗಂತ ನಿನ್ನೂ ಹೂತ್ ಹಾಕ್ತಾರೇನು?’

ಹೇಮಂತ್ ನಕ್ಕರು. ದಾರ ಇಳಿಯಲಿಲ್ಲ. ಗುಡ್ಡಮ್ಮ ಮಂಗಳವಾರ, ಬುಧವಾರ, ಗುರುವಾರ ಮೂರು ದಿನವೂ ಮಧ್ಯಾಹ್ನ ಕೆಲಸ ಮುಗಿಸಿ ಸಮಿತಿಯ ಅಧ್ಯಕ್ಷ ಸಿದ್ಧಲಿಂಗೇಶ್ ಅವರ ಅಂಗಡಿಗೆ ಹೋದರು. ಮೊದಲ ದಿನ ಅವರು ಊಟಕ್ಕೆ ಹೋಗಿದ್ದರು. ಎರಡನೇ ದಿನ ಫೋನಿನಲ್ಲಿದ್ದರು. ಮೂರನೇ ದಿನ ಸಿಕ್ಕರು.

‘ಎಂತ ಗುಡ್ಡಮ್ಮ, ದಿನಾ ಇದೇ ರಗಳೆ ನಿಂದು? ಕಲ್ಲು ಎಲ್ಲಿಗೂ ಹೋಗಲ್ಲ ಮಾರಾಯ್ತಿ, ಅಲ್ಲೇ ಇರ್ತದೆ.’

‘ಕಲ್ಲು ಇರ್ತೈತಿ ಅಣ್ಣಾರೆ, ಹೆಸ್ರು ಇರಲ್ಲ. ಉದ್ಘಾಟನೆ ದಿನ ನಿಮ್ಮ ಹೆಸರಿನ ಕಲ್ಲೂ ನಿಲ್ಲಿಸ್ತೀರಲ್ಲ, ಅದನ್ನೂ ಅರ್ಧ ಹೂತು ನಿಲ್ಲಿಸಾಣೇನು?’

ಅಂಗಡಿಯಲ್ಲಿದ್ದ ಗಿರಾಕಿಗಳು ನಕ್ಕರು. ಸಿದ್ಧಲಿಂಗೇಶ್ ಅಲ್ಲಿಂದಲೇ ಹೇಮಂತ್‌ಗೆ ಫೋನ್ ಮಾಡಿ, ಕಲ್ಲನ್ನು ಎರಡಡಿ ಎತ್ತಿ ನಿಲ್ಲಿಸುವಂತೆ ಹೇಳಿದರು. ಕಟ್ಟೆ ಎಷ್ಟು ಏರುತ್ತದೋ ಕಲ್ಲೂ ಅಷ್ಟೇ ಏರುತ್ತದೆ. ಹೆಸರು ಹೊರಗುಳಿಯುತ್ತದೆ.

ಶನಿವಾರ ಏಳು ಗಂಟೆಗೆ ಜೆಸಿಬಿ ಬರುತ್ತದೆ. ಗುಡ್ಡಮ್ಮ ಮನೆಯಿಂದ ಆರು ಗೋಣಿಚೀಲ ತಂದಿದ್ದಾರೆ. ಎತ್ತುವ ಬೆಲ್ಟ್ ತಾಗಿ ಕೆತ್ತನೆ ಸವೆಯಬಾರದೆಂದು ಕಲ್ಲಿಗೆ ಅವರೇ ಚೀಲ ಸುತ್ತುತ್ತಾರೆ. ಎಂಟೂ ಹತ್ತಕ್ಕೆ ಬಮ್ಮ ನೆಲ ಬಿಟ್ಟು ಮೇಲೇಳುತ್ತಾನೆ, ಎಲ್ಲೂ ಚಕ್ಕೆ ಏಳುವುದಿಲ್ಲ. ಅಷ್ಟರಲ್ಲಿ, ತಪಾಸಣೆಗೆ ಜನ ಬರುತ್ತಾರೆಂದು, ಮೆಟ್ಟಿಲ ಮೇಲೆ ಚೆಲ್ಲಿದ ಜಲ್ಲಿ ಗುಡಿಸಲು ಗುಡ್ಡಮ್ಮನನ್ನು ಹೇಮಂತ್ ಕೆಳಗೆ ಕಳಿಸುತ್ತಾರೆ. ನಲವತ್ತೆರಡು ಮೆಟ್ಟಿಲಿಗೆ ಐವತ್ತು ನಿಮಿಷ ಬೇಕು.

ಆ ಐವತ್ತು ನಿಮಿಷದಲ್ಲಿ ಸಿದ್ಧಲಿಂಗೇಶ್ ಬಂದು ನೋಡುತ್ತಾರೆ. ಕಲ್ಲು ಮೊದಲಿನಿಂದಲೂ ದಕ್ಷಿಣಕ್ಕೆ, ಹೊಳೆಯ ಕಡೆಗೆ ಮುಖ ಮಾಡಿತ್ತು. ಪೂಜೆಯಾಗುವ ಕಲ್ಲನ್ನು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿದರೆ ಊರಿಗೆ ಒಳ್ಳೆಯದಲ್ಲ ಎಂಬುದು ಅವರ ನಂಬಿಕೆ. ಹೇಗೂ ಎತ್ತಿದ್ದಾಗಿದೆ, ಪೂರ್ವಕ್ಕೆ ತಿರುಗಿಸಿ ಎನ್ನುತ್ತಾರೆ. ಪೂರ್ವಕ್ಕಿರುವುದು ಸೆಲ್ಫಿ ಪಾಯಿಂಟ್‌ನ ಗೋಡೆ. ಅದು ಯಾರಿಗೂ ತೊಡಕೆನಿಸುವುದಿಲ್ಲ. ಗುಡ್ಡಮ್ಮ ಮೆಟ್ಟಿಲು ಹತ್ತಿ ಬರುವಾಗ ಬುಡಕ್ಕೆ ಕಾಂಕ್ರೀಟ್ ಬಿದ್ದಿದೆ. ಕಲ್ಲಿನ ಉಳಿ ಮುಟ್ಟದ ಬೆನ್ನು ಜನರ ಕಡೆಗಿದೆ. ಮುಖಕ್ಕೂ ಗೋಡೆಗೂ ನಡುವೆ ಹದಿಮೂರು ಇಂಚು.

‘ಎಂಟ್ನೂರು ವರ್ಷ ಹೊಳೆ ನೋಡ್ಕಂತ ನಿಂತಿದ್ದ. ಈಗ ಲೆಕ್ಕ ತಪ್ಪಿದ ಹುಡುಗ್ರನ್ನ ನಿಲ್ಲಿಸ್ದಂಗೆ ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದ್ರಲ್ರೀ!’

‘ಹೆಸರು ಮೇಲಿರ್ಬೇಕು ಅಂದೆ, ಮೇಲಿದೆ. ದಿಕ್ಕಿನ ವಿಷಯ ನೀನು ಹೇಳಿದ್ಯಾ?’ ಎನ್ನುತ್ತಾರೆ ಸಿದ್ಧಲಿಂಗೇಶ್. ಅವರಿಗೆ ನಿಜಕ್ಕೂ ಬೇಸರವಾಗಿದೆ.

‘ಮುಖ ಕಾಣೋ ಹಂಗೆ ನಿಲ್ಲಿಸ್ರಿ ಅಂತ ಯಾರಾದ್ರೂ ಹೇಳ್ಬೇಕೇನ್ರೀ?’ ಎಂದವರೇ ಗುಡ್ಡಮ್ಮ ಪೊರಕೆ ಎತ್ತಿಕೊಂಡು ಓಣಿಯ ಕಡೆ ಹೋಗುತ್ತಾರೆ. ಮತ್ತೆ ಕಿತ್ತು ತಿರುಗಿಸಿದರೆ ಕಲ್ಲು ಸೀಳಬಹುದು ಎಂದು ಹೇಮಂತ್ ಹೇಳಿರುವುದರಿಂದ, ಕೀಳಿ ಎಂದು ಕೇಳುವ ಹಾಗೂ ಇಲ್ಲ.

ಭಾನುವಾರ ಅವರಿಗೆ ಅರ್ಧ ದಿನ ರಜೆ. ಮಧ್ಯಾಹ್ನ ಮನೆಗೆ ಹೋಗದೆ ಕಲ್ಲಿನ ಪಕ್ಕದಲ್ಲೇ ಕೂತಿದ್ದರು. ಸೆಲ್ಫಿ ಪಾಯಿಂಟ್ ನೋಡಲು ಬಂದವರನ್ನೆಲ್ಲ ಕರೆದು, ‘ಮೊಬೈಲ್ ಹಿಡಕಂಡು ಕೈ ಸಂದಿಯಾಗೆ ಹಾಕ್ರಿ, ಲೈಟ್ ಹಚ್ಚಿ ತೆಗೀರಿ. ಮೊಣಕಾಲಿನ ಮಟ್ಟಕ್ಕೆ ಹಿಡೀರಿ’ ಎಂದು ಹೇಳಿಕೊಟ್ಟರು. ಸಂಜೆಯವರೆಗೆ ಹದಿನೇಳು ಮಂದಿ ಗೋಡೆಯ ಸಂದಿಗೆ ಕೈ ತೂರಿಸಿ ಫೋಟೊ ತೆಗೆದರು. ಹನ್ನೆರಡು ಜನರ ಫೋಟೊದಲ್ಲಿ ಹೆಸರು ಬಂದಿದೆ.