ಲೇಥ್ ಮೇಷ್ಟ್ರ ಕತೆ

ಭದ್ರಾವತಿಯ ತರಬೇತಿ ಶಾಲೆಯಲ್ಲಿ ನಮಗೆ ಕಬ್ಬಿಣ ಕಡೆಯುವ ಲೇಥ್ ಯಂತ್ರದ ಕೆಲಸ ಕಲಿಸಿದ ಮೇಷ್ಟ್ರು ಗೋಡೆಯ ಮೇಲಿನ ಸುರಕ್ಷತಾ ನಿಯಮಗಳನ್ನು ಒಂದು ದಿನವೂ ಓದಿದವರಲ್ಲ. ಎಣ್ಣೆಗೈ ಒರೆಸಿಕೊಳ್ಳುತ್ತಾ, "ಒಬ್ಬ ಇದ್ದ ಕಣ್ರೋ" ಎಂದು ಶುರುಮಾಡುತ್ತಿದ್ದರು. ಒಮ್ಮೆ ಹೀಗೇ, ಶನಿಕಾಟ ಕಳೆಯಲೆಂದು ಹಾಕಿದ್ದ ನೀಲದ ಉಂಗುರವನ್ನು ಬಿಚ್ಚಲೊಪ್ಪದವನ ಬೆರಳನ್ನು ಲೇಥ್ ಹೇಗೆ ಕಿತ್ತುಕೊಂಡಿತೆಂದು ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಉಂಗುರಗಳೆಲ್ಲ ಜೇಬಿಗಿಳಿದಿದ್ದವು.

ಅಂದು ಶಿವಮೊಗ್ಗದಿಂದ ತಪಾಸಣೆಗೆ ಬಂದು ಪಾಠ ಕೇಳುತ್ತಾ ಕೂತಿದ್ದ ಅಧಿಕಾರಿ ರೇಗಿದರು.

"ಕತೆ ಬೇಡ ಮೇಷ್ಟ್ರೇ, ನಿಯಮ ಓದಿ."

"ಓದಲ್ಲ ಸಾರ್. ನಿಯಮ ಓದಿದ್ರೆ ಇವ್ರು ಆಕಳಿಸ್ತಾರೆ. ಕತೆ ಹೇಳಿದ್ರೆ ಕೈ ನೋಡ್ಕೋತಾರೆ."

"ಮೆಮೋ ಕೊಡ್ತೀನಿ."

"ಕೊಡಿ, ತಗೋತೀನಿ. ನಾಳೇನೂ ಕತೆನೇ ಹೇಳ್ತೀನಿ."

ಅಧಿಕಾರಿ ಅಲ್ಲೇ ಮೆಮೋ ಬರೆದುಕೊಟ್ಟು ಹೊರಟರು. ಮೇಷ್ಟ್ರು ಅದನ್ನು ಮಡಚಿಟ್ಟುಕೊಂಡು, ಮೇಜಿನ ಮೇಲಿದ್ದ ನೀಲದ ಉಂಗುರವೊಂದನ್ನೆತ್ತಿ ಅವರ ಕೈಗಿಟ್ಟರು.

"ನಿಮ್ದು ಸಾರ್. ಕತೆ ಕೇಳ್ತಾ ಬಿಚ್ಚಿಟ್ರಿ."