ಮನೆಯೊಳಗಿನ ಹತ್ತಿರದ ದಾರಿ

ಅವನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆ ಹೆಸರಿನಿಂದ ಕರೆಯುತ್ತಿದ್ದವಳು ಅಮ್ಮ ಒಬ್ಬಳೇ. ಉಳಿದವರಿಗೆಲ್ಲ ಅವನು ಐದ್ನಿಮಿಷ. ರೈಲು ಬಂದಾಗಲೆಲ್ಲ ಹೋಟೆಲಿನ ಹೆಸರು ಬರೆದ ಅಂಗಿ ತೊಟ್ಟು ಸ್ಟೇಷನ್ನಿನ ಹೊರಗೆ ನಿಲ್ಲುತ್ತಿದ್ದ. ಎಷ್ಟು ದೂರ ಎಂದು ಯಾರು ಕೇಳಿದರೂ "ಐದೇ ನಿಮಿಷ ಸಾರ್" ಎಂದು, ಅವರು ಹೂಂ ಅನ್ನುವುದರೊಳಗೆ ಪೆಟ್ಟಿಗೆ ಎತ್ತಿಕೊಂಡು ಹೊರಟೇಬಿಡುತ್ತಿದ್ದ.

ಅದು ಸುಳ್ಳೇನಲ್ಲ. ಐದೇ ನಿಮಿಷ, ಆದರೆ ಅವನ ಮನೆಯೊಳಗಿಂದ ಹಾದುಹೋದರೆ. ರಸ್ತೆ ಹಿಡಿದು ಹೋದರೆ ಮೇಲ್ಸೇತುವೆ ಹತ್ತಿ ಇಳಿದು, ಗೋಡೌನುಗಳ ಉದ್ದದ ಗೋಡೆ ಸುತ್ತಿ, ಏದುಸಿರು ಬಿಡುತ್ತ ಮುಟ್ಟುವಷ್ಟರಲ್ಲಿ ಅರ್ಧ ಗಂಟೆ. ಅವನ ಮನೆಗೆ ಮುಂಬಾಗಿಲು ಸ್ಟೇಷನ್ನಿನ ಬೀದಿಗೆ, ಹಿಂಬಾಗಿಲು ಹೋಟೆಲಿನ ಬೀದಿಗೆ, ನಡುವೆ ರೈಲು ಡಬ್ಬಿಯಂಥ ಇಕ್ಕಟ್ಟು ಪಡಸಾಲೆ. ಹೋಟೆಲಿನ ಮಾಲೀಕ ಒಂದು ದಿನ ಆ ಪಡಸಾಲೆಯ ಈ ತುದಿಯಲ್ಲಿ ನಿಂತು ಆ ತುದಿ ನೋಡಿದ, ಅಲ್ಲೇ ಇವನಿಗೆ ಕೆಲಸ ಸಿಕ್ಕಿತು. ಮುಖ ನೋಡಿ ಮಣೆ ಹಾಕುವವರುಂಟು. ಈ ಪುಣ್ಯಾತ್ಮ ಮನೆ ನೋಡಿ ಕೆಲಸ ಕೊಟ್ಟ. "ಕಡಿಮೆ ಬಾಡಿಗೆ, ಸ್ಟೇಷನ್ನಿಗೆ ಐದೇ ನಿಮಿಷ" ಎಂದು ಬೋರ್ಡು ಬರೆಸಿದ್ದೇ ತಡ, ಜನ ಮುಗಿಬಿದ್ದರು.

ಅಲ್ಲಿಂದ ಆ ಮನೆ ಮನೆಯಾಗಿ ಉಳಿಯಲಿಲ್ಲ. ಹೆಂಡತಿ ಒಲೆಯ ಮುಂದಿದ್ದರೆ ಯಾರೋ ಪಾತ್ರೆಗೆ ಇಣುಕಿ "ಏನಮ್ಮಾ ಸ್ಪೆಷಲ್ಲು?" ಎನ್ನುವರು. ಒಬ್ಬ ಅವಳನ್ನೇ ತಡೆದು ರೂಮಿನ ಬೀಗದಕೈ ಕೇಳಿದ. ಇನ್ನೊಬ್ಬ ಅವಳ ಹಗ್ಗದ ಮೇಲೆ ತನ್ನ ಒದ್ದೆ ಟವೆಲು ಹರವಿ ಹೋದ. ಒಳಗಿದ್ದ ಒಂದೇ ಒಂದು ಕೋಣೆಯನ್ನೂ ಮಾಲೀಕ ಗೆಸ್ಟುಗಳ ಸಾಮಾನಿಡಲು ತೆಗೆದುಕೊಂಡ. ಹೀಗೆ ಅಮ್ಮನ ಮಂಚ ಪಡಸಾಲೆಯ ಗೋಡೆಗೆ ಬಂತು. ಗಂಡನ ಜೊತೆ ಇಟ್ಟಿಗೆ ಹೊತ್ತು ಆ ಮನೆ ಕಟ್ಟಿದ ಹೆಂಗಸು, ದಾರಿಯಲ್ಲಿ ಮಲಗಿದಳು.

ಆದರೂ ಅವಳದು ದೊಡ್ಡ ಮನಸ್ಸು. ಹಾದುಹೋದವರನ್ನೆಲ್ಲ "ಬಂದ್ರಾ? ಪ್ರಯಾಣ ಆರಾಮಾಯ್ತಾ?" ಎಂದು ಕೇಳುವಳು. ವರ್ಷ ವರ್ಷ ಬರುವ ಬಿಳಿಕೂದಲಿನ ಹೆಂಗಸೊಬ್ಬಳಂತೂ ರೂಮಿಗೆ ಹೋಗುವ ಮೊದಲು ಮಂಚದ ಅಂಚಿನಲ್ಲಿ ಕೂತು ಎರಡು ಮಾತಾಡಿಯೇ ಏಳುವಳು. ಅಮ್ಮ ಹಾಸಿಗೆ ಹಿಡಿದ ಮೇಲೂ ಕಾಲುಗಳ ಸಾಲು ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಅವಳು ಮಗನ ಕೈ ಹಿಡಿದುಕೊಂಡಳು.

"ಒಂದು ಮಾತು ನಡೆಸಿಕೊಡ್ತೀಯೇನೋ?"

"ಹೇಳಮ್ಮ."

"ನಾನು ಹೋಗೋ ದಿನ ಎರಡೂ ಬಾಗಿಲು ಹಾಕ್ಬಿಡು. ಒಂದೇ ದಿನ ಕಣೋ. ನಾನು ಮನೇಲಿ ಸಾಯ್ಬೇಕು, ಬೀದೀಲಲ್ಲ."

"ಅಂಥ ಮಾತೆಲ್ಲ ಯಾಕಮ್ಮ? ಹಾಕ್ತೀನಿ ಬಿಡು. ನಿನ್ನಾಣೆ."

ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿ ಅದನ್ನು ಕೇಳಿಸಿಕೊಂಡಳು.

ಕೊನೆಗೆ ಆ ದಿನವೂ ಬಂತು. ಬೆಳಿಗ್ಗೆಯೇ ಅಮ್ಮನ ಉಸಿರು ಗೊರಗೊರ ಎನ್ನತೊಡಗಿತು. ಅವನು ಎದ್ದು ಎರಡೂ ಬಾಗಿಲಿಗೆ ಅಗುಳಿ ಹಾಕಿದ್ದೂ ನಿಜ, ಅಷ್ಟನ್ನು ಅವನ ಲೆಕ್ಕಕ್ಕೆ ಬರೆಯಬೇಕು. ಅಷ್ಟರಲ್ಲಿ ಮಾಲೀಕನ ಫೋನು. ರೈಲಿಗೆ ದೊಡ್ಡ ಗುಂಪು ಬರುತ್ತಿದೆ, ಎಲ್ಲ ವಯಸ್ಸಾದವರು.

"ಸಾರ್, ಅಮ್ಮ ಇವತ್ತೋ ನಾಳೆಯೋ ಅನ್ನೋ ಹಾಗಿದ್ದಾರೆ."

"ಅಯ್ಯೋ ಪಾಪ. ಹತ್ರಾನೇ ಕೂತು ನೋಡ್ಕೋಪ್ಪ," ಎಂದ ಮಾಲೀಕ, ಜೇನಿನಂಥ ದನಿಯಲ್ಲಿ. "ಇವರನ್ನ ದಾಟಿಸಿಬಿಟ್ಟು ಕೂತ್ಕೋ. ಆ ಮುದುಕರನ್ನ ಸೇತುವೆ ಹತ್ತಿಸೋಕಾಗುತ್ತಾ? ಬಾಗಿಲು ಹಾಕೋದಿದ್ರೆ ಹಾಕ್ಕೋ, ನಿನ್ನ ಮನೆ. ಅಂಗಿ ಮಾತ್ರ ತಂದು ಕೊಟ್ಬಿಡು."

ಅವನು ಅಗುಳಿ ತೆಗೆದ. ಹೆಂಡತಿ "ರೀ" ಎಂದಳು. "ಬಂದ್ಬಿಟ್ಟೆ ಕಣೇ, ಉಸಿರಿದೆಯಲ್ಲ ಇನ್ನೂ" ಎಂದು ಓಡಿದ.

ಗುಂಪನ್ನು ಕರೆದುಕೊಂಡು ಹೊಸ್ತಿಲು ದಾಟಿದಾಗ ಹೆಂಡತಿ ಅಮ್ಮನ ತಲೆಯ ಬಳಿ ಕೂತಿದ್ದಳು. ಅವಳ ಮುಖ ನೋಡಿದ್ದೇ ಅವನಿಗೆ ತಿಳಿಯಿತು. ಬೆನ್ನ ಹಿಂದೆಯೇ ಮುದುಕರು, ಪೆಟ್ಟಿಗೆಗಳು. ಅವನು ಬಗ್ಗಿ ಅಮ್ಮನ ರೆಪ್ಪೆ ಮುಚ್ಚಿದ, ಗಲ್ಲದವರೆಗೆ ಕಂಬಳಿ ಎಳೆದ. "ಬಾಯಿ ಬಿಟ್ಟೀಯಾ, ಜೋಕೆ" ಎಂದು ಹೆಂಡತಿಯ ಕಿವಿಯಲ್ಲಿ ಹೇಳಿ ಗುಂಪಿನ ಕಡೆ ತಿರುಗಿ ನಕ್ಕ. ನಕ್ಕ ಎನ್ನುವುದನ್ನು ಬರೆಯಲು ನನಗೇ ಅಸಹ್ಯವಾಗುತ್ತದೆ.

"ಅಮ್ಮ ಈಗಷ್ಟೇ ಕಣ್ಣು ಮುಚ್ಚಿದ್ದಾರೆ. ಸ್ವಲ್ಪ ಮೆತ್ತಗೆ ಬನ್ನಿ."

ಎಂಥ ಸಜ್ಜನರು! ಪೆಟ್ಟಿಗೆಗಳನ್ನು ಎಳೆಯದೆ ಎತ್ತಿಕೊಂಡರು, ತುದಿಗಾಲಲ್ಲಿ ಒಬ್ಬೊಬ್ಬರಾಗಿ ಸರಿದರು. ಕೆಮ್ಮು ಬಂದವರು ಬಾಯಿಗೆ ಕೈ ಅಡ್ಡ ಹಿಡಿದರು. "ಇಂಥ ನಿದ್ದೆಗೂ ಪುಣ್ಯ ಮಾಡಿರ್ಬೇಕು" ಎಂದು ಒಬ್ಬರು ಪಿಸುಗುಟ್ಟಿದರು. ಕೊನೆಯಲ್ಲಿ ಬಂದವಳು ಆ ಬಿಳಿಕೂದಲಿನ ಹೆಂಗಸು. ಅಭ್ಯಾಸದಂತೆ ಮಂಚದ ಅಂಚಿನಲ್ಲಿ ಕೂತು ಅಮ್ಮನ ಕೈ ಹಿಡಿದಳು.

"ಏನಪ್ಪಾ, ಕೈ ಇಷ್ಟು ತಣ್ಣಗಿದೆ?"

"ಜ್ವರ ಬಿಟ್ಟಿದೆ ಅಮ್ಮಾ."

ಅವಳು ಅವನನ್ನು ನೋಡಿದಳು, ಹೆಂಡತಿಯನ್ನು ನೋಡಿದಳು. ಎಲ್ಲ ಅರ್ಥವಾಯಿತು. ಆ ಕೈಯನ್ನು ಕಂಬಳಿಯೊಳಗೆ ಸೇರಿಸಿ ಎದ್ದು, ತನ್ನ ಪೆಟ್ಟಿಗೆಯನ್ನು ಅವನಿಗೆ ಕೊಡದೆ ತಾನೇ ಹೊತ್ತುಕೊಂಡು ಹೋದಳು.

ಹೋಟೆಲಿನಲ್ಲಿ ಅವನು ಅಮ್ಮ ಹೋದದ್ದನ್ನು ಹೇಳಿದಾಗ ಮಾಲೀಕ ಅವನ ಭುಜ ತಟ್ಟಿದ. "ದೊಡ್ಡ ಜೀವ. ಮಧ್ಯಾಹ್ನದ ರೈಲಿನ ಹೊತ್ತಿಗೆ ಎಲ್ಲ ಮುಗಿಯುತ್ತಲ್ಲ?"

ಅವನು ಬಿದ್ದಂಬೀಳ ಓಡಿ ಬಂದ. ಹಿಂಬಾಗಿಲು ಒಳಗಿನಿಂದ ಹಾಕಿತ್ತು.

"ಬಾಗಿಲು ತೆಗಿಯೇ!"

"ಅತ್ತೆ ಹಾಕು ಅಂದಿದ್ರು. ಹಾಕಿದೀನಿ."

"ನಾನು ಕಣೇ. ಅಮ್ಮನ ಮುಖ ನೋಡ್ಬೇಕು."

"ಆಗ್ಲೇ ನೋಡಿದ್ರಲ್ಲ, ಎಲ್ಲರ ಜೊತೆ. ಇವತ್ತು ಇಲ್ಲಿ ದಾರಿ ಇಲ್ಲ. ಸುತ್ತಿಕೊಂಡು ಹೋಗಿ."

ಅವನು ಸುತ್ತಿಕೊಂಡು ಹೋದ. ಗೋಡೌನಿನ ಗೋಡೆ, ಮೇಲ್ಸೇತುವೆ, ಸ್ಟೇಷನ್ನಿನ ಬೀದಿ. ಆ ದಾರಿ ತುಳಿದು ಎಷ್ಟು ವರ್ಷವಾಗಿತ್ತೋ. ಮುಂಬಾಗಿಲೂ ಹಾಕಿತ್ತು. ಬಡಿದ, ಬೇಡಿಕೊಂಡ, ಬೈದ. ಒಳಗೆ ಬಟ್ಟಲಿಗೆ ನೀರು ಸುರಿಯುವ ಸದ್ದು. ಹೆಂಡತಿ ಅಮ್ಮನ ಮೈ ಒರೆಸುತ್ತಿದ್ದಳು, ಏನೋ ಮಾತಾಡಿಸುತ್ತ. ಅವನು ಮೆಟ್ಟಿಲ ಮೇಲೆ ಕುಸಿದು ಕೂತು ಗಳಗಳನೆ ಅತ್ತ.

ಚೀಲ ಹಿಡಿದ ಒಬ್ಬ ಬಂದು ಅವನ ಅಂಗಿಯ ಮೇಲಿನ ಹೆಸರು ಓದಿಕೊಂಡ. "ಈ ಹೋಟೆಲಿಗೆ ಹೇಗೆ ಹೋಗ್ಬೇಕಪ್ಪ?"

ಅವನು ಬಾಗಿಲನ್ನೊಮ್ಮೆ ನೋಡಿದ. ತೋಳಿನಿಂದ ಮುಖ ಒರೆಸಿಕೊಂಡ. ಕೈ ತಾನಾಗಿ ಚೀಲಕ್ಕೆ ಹೋಯಿತು.

ಮೇಲ್ಸೇತುವೆಯ ಮೆಟ್ಟಿಲು ಹತ್ತುವಾಗ ಆ ಮನುಷ್ಯ ಇನ್ನೆಷ್ಟು ದೂರ ಎಂದು ಕೇಳಿದ.

"ಐದೇ ನಿಮಿಷ ಸಾರ್" ಎಂದ.