ಬಿಳಿಕೆರೆ ತಿರುವಿನಲ್ಲಿ ಅವ್ವ ಕೊಟ್ಟ ಮಾತು

ದಂಡ ಕಟ್ಟಿದರೆ ಕೇಸು ಅಲ್ಲಿಗೇ ಮುಗಿಯಿತು, ಬರೀ ವಾರ್ನಿಂಗ್ ಕೊಟ್ಟು ಬಿಟ್ಟರಂತೂ ಪುಕ್ಕಟೆ ಪಾರಾದೆವು ಎಂದುಕೊಳ್ಳುವವರು ನಾವು, ಗೂಡ್ಸ್ ಗಾಡಿಯವರು. ನನ್ನದು ಗುರುಪುರದ ಪಕ್ಕದ ಹಳ್ಳಿ. ಹೊಗೆಸೊಪ್ಪಿನ ಬೇಲು, ಶುಂಠಿ ಮೂಟೆ, ಗೊಬ್ಬರ, ಏನು ಸಿಕ್ಕಿದರೂ ಹುಣಸೂರಿಗೆ ಹೊತ್ತುಕೊಂಡು ಹೋಗುವ ಸಣ್ಣ ಗಾಡಿ ಇಟ್ಟುಕೊಂಡಿದ್ದೇನೆ. ಮೂಟೆ ಇಲ್ಲದ ದಿನ ಜನರನ್ನು ಹೇರುತ್ತಿದ್ದೆ. ತಪ್ಪೆಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ಕಡೆ ಬೀಗರ ಊಟಕ್ಕೆ ಹೆಂಗಸರು ಹೋಗುತ್ತಿದ್ದುದೇ ಹಾಗೆ, ಗಾಡಿಯ ಹಿಂದೆ ಜಮಖಾನ ಹಾಸಿಕೊಂಡು.

ಅವತ್ತು ಚಿಕ್ಕಪ್ಪನ ಮಗಳ ಬೀಗರ ಊಟ, ಕೆ.ಆರ್. ನಗರದ ಹತ್ತಿರ ಗಂಡಿನ ಊರಿನಲ್ಲಿ. ಹಿಂದೆ ಹದಿಮೂರು ಹೆಂಗಸರು, ಅವರ ನಡುವೆ ನಮ್ಮವ್ವ. ಮುಂದೆ ನನ್ನ ಪಕ್ಕದಲ್ಲಿ ಚಿಕ್ಕಪ್ಪ. ಬಿಳಿಕೆರೆಯಲ್ಲಿ ಕೆ.ಆರ್. ನಗರದ ರಸ್ತೆಗೆ ತಿರುಗುವಷ್ಟರಲ್ಲಿ ಒಬ್ಬ ಎಸ್‌ಐ ಕೈ ಅಡ್ಡ ಹಿಡಿದರು.

ನಾನು ಡಿಎಲ್ ಚಾಚಿ, ದಂಡ ಎಷ್ಟಾಗುತ್ತದೋ ಬೇಗ ಬರೆಯಿರಿ ಸಾರ್, ಊಟಕ್ಕೆ ಹೊತ್ತಾಯಿತು ಎಂದೆ. ಗತ್ತು ಸ್ವಲ್ಪ ಜಾಸ್ತಿಯೇ ಇತ್ತು. ಅವರು ನನ್ನ ಮುಖವನ್ನೊಮ್ಮೆ ನೋಡಿ, ಡಿಎಲ್ಲನ್ನು ಜೇಬಿಗೆ ಹಾಕಿಕೊಂಡು ಗಾಡಿಯ ಹಿಂದಕ್ಕೆ ಹೋದರು. ಆ ಲೈಸೆನ್ಸು ಹೋದರೆ ನಮ್ಮ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಗತ್ತೆಲ್ಲ ಇಳಿದು ಹೋಗಿ, ಕೈ ಕಟ್ಟಿಕೊಂಡು ಹಿಂದೆಯೇ ಹೋದೆ. ಇವನ ಕಡೆ ಹಿರಿಯರು ಯಾರು ಎಂದು ಅವರು ಕೇಳುತ್ತಿದ್ದರು. ಅವ್ವ ಸೆರಗು ಸರಿಮಾಡಿಕೊಂಡು, ಇವನ ತಾಯಿ ನಾನು ಎಂದಳು.

“ನೋಡಿ ಅಮ್ಮ, ಇಂಥದೇ ಗಾಡಿ ಮಗುಚಿದಾಗ ಹೆಂಗಸ್ರನ್ನ ಎತ್ತಿ ಆಂಬುಲೆನ್ಸಿಗೆ ಹಾಕಿದೋನು ನಾನು. ಇವನು ದಂಡ ಕಟ್ಟಿ ನಾಳೆ ಮರ್ತುಬಿಡ್ತಾನೆ. ಅದಕ್ಕೇ ದಂಡ ಹಾಕಲ್ಲ, ವಾರ್ನಿಂಗ್ ಕೊಡ್ತೀನಿ. ಅದೂ ನಿಮಗೆ.”

ಅವ್ವ ಗಾಡಿಯಿಂದ ಇಳಿದು ಅವರೆದುರು ನಿಂತಳು. “ಇನ್ ಯಾರ್ನೂ ಹಿಂದೆ ಕೂರಿಸ್ಕಳಾಕಿಲ್ಲ ಕಣಪ್ಪ. ಅದ್ಕೆ ನಾನಿವ್ನಿ.”

ಡಿಎಲ್ಲನ್ನು ಅವರು ನನ್ನ ಕೈಗೆ ಕೊಡಲಿಲ್ಲ, ಅವ್ವನ ಕೈಗೆ ಕೊಟ್ಟರು. ಉಳಿದವರೂ ಗೊಣಗುತ್ತಾ ಇಳಿದು ಬಸ್ಸು ಹತ್ತಿದರು. ಹೆಂಗಸರಿಗೆ ಬಸ್ಸು ಪುಕ್ಕಟೆಯಲ್ಲವೇ, ಆಧಾರ್ ಕಾರ್ಡು ತಂದಿದ್ದವರು ರಾಣಿಯರಂತೆ ಕೂತರು. ಮರೆತು ಬಂದಿದ್ದ ಇಬ್ಬರು ನನಗೆ ಶಾಪ ಹಾಕಿಕೊಂಡು ಟಿಕೆಟ್ ತೆಗೆದರು. ಖಾಲಿ ಗಾಡಿ ಓಡಿಸಿಕೊಂಡು ನಾನು ಆ ಬಸ್ಸಿನ ಹಿಂದೆಯೇ ಹೋದೆ. ಹೋಗುವಷ್ಟರಲ್ಲಿ ಬರೀ ಮೂಳೆ ಉಳಿದಿರುತ್ತದೆ ಎಂದು ಚಿಕ್ಕಪ್ಪ ದಾರಿಯುದ್ದಕ್ಕೂ ಗೋಳಾಡಿದ. ಹಾಗೇನೂ ಆಗಲಿಲ್ಲ. ಎಲ್ಲರಿಗೂ ಎರಡನೇ ಪಂಕ್ತಿಯಲ್ಲಿ ಎಲೆ ಸಿಕ್ಕಿತು, ಚಿಕ್ಕಪ್ಪ ಎರಡು ಸಲ ಮುದ್ದೆ ಹಾಕಿಸಿಕೊಂಡ.

ನನ್ನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿದಿತ್ತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಅವ್ವ ಬಾಯಿಮಾತಿಗೆ ಹೇಳುವವಳಲ್ಲ.

ಅದು ಗೊತ್ತಾದದ್ದು ಹೊಗೆಸೊಪ್ಪು ಮುರಿಯುವ ಕಾಲದಲ್ಲಿ. ಒಂದು ಸಂಜೆ ಖಾಲಿ ಗಾಡಿಯಲ್ಲಿ ಬರುತ್ತಿದ್ದೆ. ಜಿಟಿಜಿಟಿ ಮಳೆ. ಕಾಡಂಚಿನ ಹೊಲದಲ್ಲಿ ಕೆಲಸ ಮುಗಿಸಿ ಅವ್ವ, ನಮ್ಮೂರಿನ ಇಬ್ಬರು ಹೆಂಗಸರು, ಪಕ್ಕದ ಗಿರಿಜನರ ಹಾಡಿಯ ಒಬ್ಬ ಅಜ್ಜಿ ಗೊಬ್ಬರದ ಚೀಲವನ್ನು ಗೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ನಡೆಯುತ್ತಿದ್ದರು. ಗಾಡಿ ನಿಲ್ಲಿಸಿ, ಹಿಂದೆ ಹತ್ತಿ ಎಂದೆ. ಅಜ್ಜಿ ಕೈ ಚಾಚುವಷ್ಟರಲ್ಲಿ ಅವ್ವ ತಡೆದಳು. ಈ ಕೊಂಪೆಗೆ ಯಾವ ಪೊಲೀಸಪ್ಪ ಬರುತ್ತಾನೆ ಎಂದು ನಾನು ರೇಗಿದೆ.

“ಆವಪ್ಪ ಮಾತು ಈಸ್ಕಂಡಿದ್ದು ನನ್ನತ್ರ ಕಣ್ಲಾ, ನಿನ್ನತ್ರ ಅಲ್ಲ,” ಎಂದು ನಡೆಯತೊಡಗಿದಳು.

ಸಿಟ್ಟು ನೆತ್ತಿಗೇರಿತು. ಜ್ವರ ಬಂದರೆ ಆವಪ್ಪನೇ ಬಂದು ಕಷಾಯ ಕಾಸಿಕೊಡಲಿ ಎಂದು ಕೂಗಿದೆ. ಹಾರನ್ ಒತ್ತಿದೆ. ನಾಲ್ವರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಕೊನೆಗೆ ಹಾಡಿಯ ಅಜ್ಜಿಯೇ ನಿಂತು, ಮುಂದಿನ ಸೀಟಿಗೆ ಒಬ್ಬರಾದರೂ ಬರಬಹುದಲ್ಲ ಎಂದು ಕೇಳಿದರು. ಅವ್ವ ಒಪ್ಪಿದಳು. ಮೊದಲು ಅಜ್ಜಿಯನ್ನೇ ಹತ್ತಿಸಿ, ತಾನು ಹೊಂಗೆ ಮರದ ಕೆಳಗೆ ನಿಂತಳು. ಹೀಗೆ ಒಬ್ಬೊಬ್ಬರನ್ನೇ ಮನೆ ಮುಟ್ಟಿಸಿದೆ. ಮೂರು ಸಲ ಹೋಗಿ ಬರುವಷ್ಟರಲ್ಲಿ ಸಿಟ್ಟೂ ಕರಗಿತ್ತು, ಡೀಸೆಲ್ಲೂ ಕರಗಿತ್ತು.

ನಾಲ್ಕನೇ ಸಲ ಮರದ ಹತ್ತಿರ ನಿಲ್ಲಿಸಿದೆ. ಅವ್ವ ಬಾಗಿಲ ಬಳಿ ಬಂದು ಸುಮ್ಮನೆ ನಿಂತಳು. ಹತ್ತವ್ವ ಎಂದರೂ ಹತ್ತಲಿಲ್ಲ. ಆ ಬಾಗಿಲು ತೆಗೆಯುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

ಗಾಡಿ ತಂದು ಒಂಬತ್ತು ವರ್ಷ. ಆ ಸೀಟಿನಲ್ಲಿ ಚಿಕ್ಕಪ್ಪ ಕೂತಿದ್ದ, ಸೊಪ್ಪಿನ ಯಜಮಾನರು ಕೂತಿದ್ದರು, ಕೊಪ್ಪದ ಶುಂಠಿ ವ್ಯಾಪಾರಿಗಳು ಕೂತಿದ್ದರು. ನನ್ನ ತಾಯಿಯನ್ನು ಮಾತ್ರ ನಾನು ಒಂದು ದಿನವೂ ಪಕ್ಕದಲ್ಲಿ ಕೂರಿಸಿಕೊಂಡಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಬಗ್ಗಿ ಒಳಗಿನಿಂದಲೇ ಬಾಗಿಲು ತೆಗೆದೆ.

ಅವಳಿಗೆ ಅಂಥ ಯೋಚನೆಯೇನೂ ಇರಲಿಲ್ಲ. ಒದ್ದೆ ಸೀರೆ ಮುದುರಿಕೊಂಡು, ಸೀಟಿಗೆ ಬೆನ್ನು ತಾಗಿಸದೆ ಕೂತು, ವೈಪರ್ ಓಡಾಡುವುದನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಖುಷಿಯಾಗಿ, “ಇಲ್ಲಿ ಕೂತ್ರೆ ಮುಂದ್ಲು ರಸ್ತೆ ಕಾಣ್ತದೆ ಅಲ್ವೇನ್ಲಾ,” ಎಂದಳು.

ಮನೆ ಬಂತು. ನಾನು ಗಾಡಿ ನಿಲ್ಲಿಸಲಿಲ್ಲ, ಗುರುಪುರದ ತನಕ ಹೋಗಿ ತಿರುಗಿಸಿಕೊಂಡು ಬಂದೆ. ಬರುವಾಗ ಅವಳು ಸೀಟಿಗೆ ಬೆನ್ನು ತಾಗಿಸಿ ಕೂತಿದ್ದಳು.